ಕೊಟ್ಟಿಗೆಯ ಅಭ್ಯಾಸ ಬದಲಾದರೆ ಮನೆಗೂ ಹಿತ, ಊರಿಗೂ ಹಿತ



ಬೆಳಗಿನ ಹೊತ್ತು ನೀವು ಹಾಲಿನ ಪಾತ್ರೆ ಹಿಡಿದು ಸಂಘದ ಬಾಗಿಲಿಗೆ ಬರುತ್ತೀರಿ. ನಿಮ್ಮ ಸದಸ್ಯತ್ವದ ನಂಬರು ಹೇಳುತ್ತೀರಿ. ಮಾದರಿ ತೆಗೆಯುತ್ತಾರೆ, ಅಳತೆಯಾಗುತ್ತದೆ, ಜಿಡ್ಡು ಮತ್ತು ಎಸ್.ಎನ್.ಎಫ್. ನಿಮ್ಮ ಹೆಸರಿನ ಮುಂದೆ ದಾಖಲಾಗುತ್ತವೆ. ಆಮೇಲೆ ಹಾಲು ಕ್ಯಾನಿಗೆ ಬೀಳುತ್ತದೆ. ಆ ಗಳಿಗೆಯಿಂದ ಆ ಹಾಲಿಗೆ ನಿಮ್ಮ ಹೆಸರಿಲ್ಲ. ನಿಮ್ಮದು, ಪಕ್ಕದ ಮನೆಯವರದು, ಊರಾಚೆಯ ತೋಟದ ಮನೆಯವರದು ಎಲ್ಲವೂ ಒಂದೇ ಹಾಲು.

ಸಹಕಾರದ ಬಲ ಇರುವುದು ಇಲ್ಲೇ. ಹನಿಹನಿಗೂಡಿದರೆ ಹಳ್ಳ ಎಂಬಂತೆ ಒಂದು ಲೀಟರ್ ಹಾಕುವವರೂ ಇಪ್ಪತ್ತು ಲೀಟರ್ ಹಾಕುವವರೂ ಕೂಡಿದ್ದರಿಂದಲೇ ಊರಿಗೆ ಲಾರಿ ಬರುತ್ತದೆ. ಆದರೆ ಸಹಕಾರದ ದುರ್ಬಲ ಜಾಗವೂ ಇದೇ. ಮೂವತ್ತು ಮನೆಯವರು ಜೋಪಾನವಾಗಿ ಕರೆದ ಹಾಲನ್ನು ಒಂದು ಮನೆಯ ಅಜಾಗ್ರತೆ ಕೆಡಿಸಬಲ್ಲದು. ಮೋಸ ಮಾಡಬೇಕೆಂಬ ಉದ್ದೇಶ ಯಾರಿಗೂ ಇರಬೇಕಾಗಿಲ್ಲ. ಅಪ್ಪ ಮಾಡುತ್ತಿದ್ದಂತೆ, ಅತ್ತೆ ಕಲಿಸಿದಂತೆ, ದಿನವೂ ಮಾಡುವಂತೆ ಮಾಡಿದರೆ ಸಾಕು.

ಆದುದರಿಂದ ಈ ಸಂಚಿಕೆಯಲ್ಲಿ ಹೊಸ ತಳಿ, ಹೊಸ ಮೇವು, ಹೊಸ ಯಂತ್ರದ ವಿಷಯ ಬರೆಯುತ್ತಿಲ್ಲ. ಖರ್ಚು ಬಹಳವಿಲ್ಲದ, ಆದರೆ ಎಲ್ಲಕ್ಕಿಂತ ಕಷ್ಟವಾದ ಒಂದು ಸುಧಾರಣೆಯ ಬಗ್ಗೆ ತಿಳಿಸುತ್ತಿದ್ದೇವೆ. ಅದು ನಮ್ಮ ನಮ್ಮ ಅಭ್ಯಾಸದ ಸುಧಾರಣೆ.

ಒಂದು ಎಂಟಾಗುವ ಲೆಕ್ಕ

ಆರೋಗ್ಯವಂತ ಹಸುವಿನ ಕೆಚ್ಚಲಿನಿಂದ ಹೊರಬರುವಾಗ ಹಾಲಿನಲ್ಲಿ ಸೂಕ್ಷ್ಮಾಣುಗಳು ಬಹಳ ಕಡಿಮೆ. ಹಾಲು ಕೆಡುವುದು ಕೆಚ್ಚಲಿನಲ್ಲಲ್ಲ, ಕೆಚ್ಚಲಿನಿಂದ ಕ್ಯಾನಿನವರೆಗಿನ ದಾರಿಯಲ್ಲಿ. ಸಗಣಿ ಬಾಚಿದ ಕೈ, ಗಂಜಲ ತಾಗಿದ ಮೊಲೆ, ಹಿಂದಿನ ದಿನದ ಜಿಡ್ಡು ಅಂಟಿದ ಪಾತ್ರೆ, ಕರೆಯುವಾಗ ಬಾಲ ಬೀಸಿದಾಗ ಬಿದ್ದ ಧೂಳು, ಇವುಗಳಿಂದಲೇ ಸೂಕ್ಷ್ಮಾಣುಗಳು ಹಾಲಿಗೆ ಸೇರುತ್ತವೆ.

ಆಗತಾನೆ ಕರೆದ ಹಾಲು ಹಸುವಿನ ಮೈಯಷ್ಟೇ ಬೆಚ್ಚಗಿರುತ್ತದೆ. ಸೂಕ್ಷ್ಮಾಣುಗಳಿಗೆ ಇದಕ್ಕಿಂತ ಒಳ್ಳೆಯ ಊಟವೂ ಇಲ್ಲ, ಹಾಸಿಗೆಯೂ ಇಲ್ಲ. ಒಮ್ಮೆ ಬೆಳೆಯಲು ಶುರುವಾದರೆ ಇಂಥ ಬೆಚ್ಚನೆಯ ಹಾಲಿನಲ್ಲಿ ಅವು ಸುಮಾರು ಇಪ್ಪತ್ತು ನಿಮಿಷಕ್ಕೊಮ್ಮೆ ಎರಡರಷ್ಟಾಗಬಲ್ಲವು. ಲೆಕ್ಕ ಹಾಕಿ ನೋಡಿ. ಒಂದು, ಒಂದು ಗಂಟೆಯಲ್ಲಿ ಎಂಟಾಗುತ್ತದೆ. ಎರಡು ಗಂಟೆಯಲ್ಲಿ 64, ಮೂರು ಗಂಟೆಯಲ್ಲಿ 512, ನಾಲ್ಕು ಗಂಟೆಯಲ್ಲಿ 4,096. ನೂರು ಸೇರಿದ್ದರೆ ನಾಲ್ಕು ಲಕ್ಷ ದಾಟುತ್ತದೆ. ಹಾಲನ್ನು 4 ಡಿಗ್ರಿ ಸೆಲ್ಸಿಯಸ್‌ಗೆ ತಂಪು ಮಾಡಿದಾಗ ಈ ಓಟ ಬಹುಮಟ್ಟಿಗೆ ನಿಲ್ಲುತ್ತದೆ. ಆದರೆ ಅದುವರೆಗೆ ಸೇರಿಕೊಂಡು ಬೆಳೆದದ್ದು ಹಾಗೆಯೇ ಉಳಿದಿರುತ್ತದೆ.

"ಡೇರಿಯಲ್ಲಿ ಕಾಯಿಸುತ್ತಾರಲ್ಲ, ಎಲ್ಲ ಸತ್ತುಹೋಗುತ್ತವೆ" ಎಂದು ಕೆಲವರು ಹೇಳುವುದುಂಟು. ಡೇರಿಯಲ್ಲಿ ಹಾಲನ್ನು 72 ಡಿಗ್ರಿಯಲ್ಲಿ 15 ಸೆಕೆಂಡು ಇಟ್ಟು ಪಾಶ್ಚರೀಕರಿಸುವುದು ನಿಜ. ರೋಗ ತರುವ ಸೂಕ್ಷ್ಮಾಣುಗಳು ಅದರಿಂದ ಸಾಯುತ್ತವೆ. ಆದರೆ ಅದಾಗಲೇ ಹುಳಿಯಾದ ಹಾಲು ಮತ್ತೆ ಸಿಹಿಯಾಗುವುದಿಲ್ಲ. ಹಾಲಿನಲ್ಲಿ ಸೇರಿದ ಔಷಧಿ ಹೋಗುವುದಿಲ್ಲ. ಯಂತ್ರ ಕೊಟ್ಟಿಗೆಯ ತಪ್ಪನ್ನು ಮುಚ್ಚಬಹುದು, ಅಳಿಸಲಾರದು.

ಕುದಿಸಿ ನೋಡುವ ಪರೀಕ್ಷೆಯಲ್ಲಿ ಹಾಲು ಒಡೆದು ಕ್ಯಾನು ವಾಪಸಾದರೆ ನಷ್ಟ ಯಾರದು? ಅದು ಸಂಘದ ಖಾತೆಗೆ ಬರುತ್ತದೆ. ಸಂಘದ ಲಾಭ ಕಡಿಮೆಯಾದರೆ ವರ್ಷದ ಕೊನೆಯ ಬೋನಸ್ ಕಡಿಮೆಯಾಗುತ್ತದೆ. ಅಂದರೆ ತಪ್ಪು ಮಾಡದವರೂ ಪಾಲು ತೆರುತ್ತಾರೆ. ಬಲ್ಕ್ ಕೂಲರ್ ಇರುವ ಕಡೆ ಹಲವು ಊರುಗಳ ಹಾಲು ಒಂದೇ ತೊಟ್ಟಿಯಲ್ಲಿ ಸೇರುವುದರಿಂದ ಜವಾಬ್ದಾರಿ ಇನ್ನೂ ದೊಡ್ಡದು. ರಾಜ್ಯದಲ್ಲಿ 2013ರಲ್ಲಿ ಆರಂಭವಾದ ಕ್ಷೀರಭಾಗ್ಯ ಯೋಜನೆಯ ಮೂಲಕ ನಮ್ಮಂಥ ಉತ್ಪಾದಕರ ಹಾಲು ಪುಡಿಯಾಗಿ ಶಾಲೆಯ ಮಕ್ಕಳ ಲೋಟಕ್ಕೆ ಬಂದಿದೆ. ನಾವು ಕರೆಯುವ ಹಾಲನ್ನು ಕುಡಿಯುವವರಲ್ಲಿ ನಮ್ಮ ಮಕ್ಕಳೂ ಇದ್ದಾರೆ ಎಂಬುದನ್ನು ಮರೆಯಬಾರದು.

ಕೈ ತೊಳೆಯಿರಿ ಎಂದ ವೈದ್ಯರ ಕಥೆ

ಅಭ್ಯಾಸ ಬದಲಿಸುವುದರಿಂದ ಆಗುವ ಲಾಭ ಎಷ್ಟು, ಬದಲಿಸುವುದು ಎಷ್ಟು ಕಷ್ಟ ಎಂಬ ಎರಡನ್ನೂ ತೋರಿಸುವ ನಿಜ ಸಂಗತಿಯೊಂದಿದೆ. ನಡೆದದ್ದು ದೂರದ ಆಸ್ಟ್ರಿಯಾ ದೇಶದ ವಿಯೆನ್ನಾ ನಗರದ ದೊಡ್ಡಾಸ್ಪತ್ರೆಯಲ್ಲಿ, 1847ರಲ್ಲಿ.

ಆ ಆಸ್ಪತ್ರೆಯಲ್ಲಿ ಎರಡು ಹೆರಿಗೆ ವಿಭಾಗಗಳಿದ್ದವು. ಒಂದರಲ್ಲಿ ವೈದ್ಯರು ಮತ್ತು ವೈದ್ಯ ವಿದ್ಯಾರ್ಥಿಗಳು ಹೆರಿಗೆ ಮಾಡಿಸುತ್ತಿದ್ದರು, ಇನ್ನೊಂದರಲ್ಲಿ ಸೂಲಗಿತ್ತಿಯರು. ಓದಿದ ವೈದ್ಯರಿದ್ದ ವಿಭಾಗದಲ್ಲೇ ಬಾಣಂತಿಯರು ಜ್ವರ ಬಂದು ಹೆಚ್ಚಾಗಿ ಸಾಯುತ್ತಿದ್ದರು. ಇಗ್ನಾಜ್ ಸೆಮ್ಮೆಲ್ವೀಸ್ ಎಂಬ ವೈದ್ಯರು ಇದರ ಕಾರಣ ಹುಡುಕಿದರು. ವೈದ್ಯರು ಶವಪರೀಕ್ಷೆ ಮುಗಿಸಿ ಅದೇ ಕೈಯಲ್ಲಿ ಹೆರಿಗೆ ಕೋಣೆಗೆ ಬರುತ್ತಿದ್ದರು. ಸೂಲಗಿತ್ತಿಯರು ಶವ ಮುಟ್ಟುತ್ತಿರಲಿಲ್ಲ. ಕ್ಲೋರಿನ್ ಬೆರೆತ ನೀರಿನಲ್ಲಿ ಕೈ ತೊಳೆದೇ ಒಳಗೆ ಬರಬೇಕೆಂದು ಅವರು 1847ರ ಮೇ ತಿಂಗಳಲ್ಲಿ ನಿಯಮ ಮಾಡಿದರು. ಏಪ್ರಿಲ್‌ನಲ್ಲಿ ಆ ವಿಭಾಗದಲ್ಲಿ ನೂರಕ್ಕೆ 18 ತಾಯಂದಿರು ತೀರಿಕೊಂಡಿದ್ದರು. ಜೂನ್‌ನಲ್ಲಿ ಅದು ನೂರಕ್ಕೆ ಎರಡರ ಆಸುಪಾಸಿಗೆ ಇಳಿಯಿತು. ಹೊಸ ಔಷಧಿಯೇನೂ ಬಂದಿರಲಿಲ್ಲ. ಬದಲಾದದ್ದು ಒಂದು ಅಭ್ಯಾಸ ಮಾತ್ರ.

ಇಷ್ಟು ಕಣ್ಣಾರೆ ಕಂಡ ಮೇಲೂ ಬಹಳಷ್ಟು ವೈದ್ಯರು ಒಪ್ಪಲಿಲ್ಲ. ಸೂಕ್ಷ್ಮಾಣುಗಳಿಂದ ರೋಗ ಬರುತ್ತದೆಂಬ ತಿಳಿವಳಿಕೆ ಆಗಿನ್ನೂ ಬಂದಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ, "ನಮ್ಮ ಕೈಯಿಂದಲೇ ಸಾವು" ಎಂಬ ಮಾತು ಅವರಿಗೆ ಅವಮಾನವೆನಿಸಿತು. ಸೆಮ್ಮೆಲ್ವೀಸರು ಸಹನೆ ಕಳೆದುಕೊಂಡು, ಒಪ್ಪದವರನ್ನು ಕೊಲೆಗಾರರೆಂದು ಬಹಿರಂಗ ಪತ್ರಗಳಲ್ಲಿ ನಿಂದಿಸಿದರು. ವಿರೋಧ ಇನ್ನೂ ಬಿಗಿಯಾಯಿತು. 1865ರಲ್ಲಿ ಅವರು ತೀರಿಕೊಂಡರು. ಅವರ ಮಾತಿಗೆ ತಕ್ಕ ಮನ್ನಣೆ ಸಿಕ್ಕಿದ್ದು ಆಮೇಲೆ.

ಈ ಕಥೆಯಿಂದ ನಾವು ಎರಡು ಪಾಠ ಕಲಿಯಬೇಕು. ಒಂದು, ಕೈ ತೊಳೆಯುವಂಥ ಸಣ್ಣ ಕೆಲಸದಿಂದ ಜೀವಗಳು ಉಳಿಯುತ್ತವೆ. ಎರಡು, ಸತ್ಯವನ್ನೇ ಹೇಳಿದರೂ ಬೈದು ಹೇಳಿದರೆ ಜನ ಬದಲಾಗುವುದಿಲ್ಲ. ನಮ್ಮ ಸಂಘಗಳಿಗೆ ಮೊದಲನೆಯದರಷ್ಟೇ ಎರಡನೆಯ ಪಾಠವೂ ಮುಖ್ಯ.

ಬದಲಿಸಬೇಕಾದ ನಾಲ್ಕು ಅಭ್ಯಾಸಗಳು

1. ಕೈ, ಕೆಚ್ಚಲು ಮತ್ತು ಪಾತ್ರೆ

ಸಗಣಿ ಬಾಚುವುದು, ಕಸ ಗುಡಿಸುವುದು ಕರೆಯುವುದಕ್ಕೆ ಸಾಕಷ್ಟು ಮುಂಚೆ ಮುಗಿದಿರಲಿ. ಕರೆಯಲು ಕೂರುವ ಮುನ್ನ ಸೋಪು ಹಚ್ಚಿ ಕೈ ತೊಳೆಯಿರಿ. ಬರೀ ನೀರಿನಲ್ಲಿ ಕೈ ಅದ್ದುವುದು ತೊಳೆದಂತಲ್ಲ. ಕೆಚ್ಚಲನ್ನು ಶುದ್ಧ ನೀರಿನಿಂದ ತೊಳೆದು ಒಣ ಬಟ್ಟೆಯಿಂದ ಒರೆಸಿರಿ. ಅನೇಕರು ತೊಳೆಯುತ್ತಾರೆ, ಒರೆಸುವುದಿಲ್ಲ. ಒರೆಸದಿದ್ದರೆ ಕೆಚ್ಚಲಿನ ಕೊಳೆ ನೀರೇ ತೊಟ್ಟಿಕ್ಕಿ ಪಾತ್ರೆಗೆ ಇಳಿಯುತ್ತದೆ. ಅದಕ್ಕಿಂತ ತೊಳೆಯದಿರುವುದೇ ವಾಸಿ ಎನ್ನುವಂತಾಗುತ್ತದೆ. ಒಂದೊಂದು ಹಸುವಿಗೆ ಒಂದೊಂದು ಬಟ್ಟೆಯಿರಲಿ. ದಿನವೂ ಒಗೆದು ಬಿಸಿಲಿಗೆ ಹಾಕಿರಿ.

ಬೆರಳನ್ನು ಹಾಲಿಗೆ ಅದ್ದಿಕೊಂಡು ಕರೆಯುವುದು, ಎಂಜಲು ಹಚ್ಚಿಕೊಳ್ಳುವುದು ಬೇಡವೇ ಬೇಡ. ಪಾತ್ರೆ ಸ್ಟೀಲಿನದಾಗಿರಲಿ. ತೊಳೆದ ಮೇಲೆ ಬೋರಲು ಹಾಕಿ ಒಣಗಿಸಿರಿ.

ಈ ಅಭ್ಯಾಸದ ಲಾಭ ಹಾಲಿಗೆ ಮಾತ್ರವಲ್ಲ. ಸೋಪಿನಿಂದ ಕೈ ತೊಳೆಯುವ ಮನೆಗಳಲ್ಲಿ ಮಕ್ಕಳಿಗೆ ಭೇದಿ ಕಾಯಿಲೆ ಗಣನೀಯವಾಗಿ ಕಡಿಮೆಯಾಗುವುದು ಅನೇಕ ದೇಶಗಳ ಅಧ್ಯಯನಗಳಲ್ಲಿ ಕಂಡುಬಂದಿದೆ. ಕೊಟ್ಟಿಗೆಯಿಂದ ಅಡುಗೆಮನೆಗೆ ಹೋಗುವ ಕೈ ಒಂದೇ ಅಲ್ಲವೇ?

2. ಮೊದಲ ಧಾರೆ, ಹಿಂಡುವ ರೀತಿ ಮತ್ತು ಕರೆದ ಮೇಲಿನ ಅರ್ಧ ಗಂಟೆ

ಪ್ರತಿ ಮೊಲೆಯ ಮೊದಲ ಎರಡು ಮೂರು ಧಾರೆಗಳನ್ನು ಹಾಲಿನ ಪಾತ್ರೆಗೆ ಬಿಡಬೇಡಿ. ಅದರಲ್ಲಿ ಸೂಕ್ಷ್ಮಾಣುಗಳು ಹೆಚ್ಚು. ಒಂದು ಲೋಟದ ಬಾಯಿಗೆ ಕಪ್ಪು ಬಟ್ಟೆ ಕಟ್ಟಿ ಅದರ ಮೇಲೆ ಹಿಂಡಿ ನೋಡಿರಿ. ಹಾಲಿನಲ್ಲಿ ಚೂರು, ಗಂಟು, ನೀರಿನಂಥ ತೆಳುವು ಅಥವಾ ರಕ್ತದ ಎಳೆ ಕಂಡರೆ ಅದು ಕೆಚ್ಚಲು ಬಾವಿನ ಸೂಚನೆ. ಅಂಥ ಹಸುವನ್ನು ಎಲ್ಲಕ್ಕಿಂತ ಕೊನೆಗೆ ಕರೆಯಿರಿ. ಆ ಹಾಲನ್ನು ಬೇರೆ ಹಾಲಿಗೆ ಬೆರೆಸದೆ ವೈದ್ಯರನ್ನು ಕರೆಸಿರಿ. ಮೊದಲ ಧಾರೆಯನ್ನು ನೆಲಕ್ಕೆ ಹಿಂಡಿದರೆ ರೋಗ ಇನ್ನೊಂದು ಹಸುವಿಗೆ ತಗಲುತ್ತದೆ.

ಹೆಬ್ಬೆರಳು ಮಡಚಿ ಗೆಣ್ಣಿನಿಂದ ಒತ್ತಿ ಹಿಂಡುವುದು ನಮ್ಮಲ್ಲಿ ಬಹಳ ಜನರ ರೂಢಿ. ಇದರಿಂದ ಮೊಲೆಯ ಒಳಗೆ ಗಾಯವಾಗಿ ಬಾವಿಗೆ ದಾರಿಯಾಗುತ್ತದೆ. ಇಡೀ ಮೊಲೆಯನ್ನು ಮುಷ್ಟಿಯಲ್ಲಿ ಹಿಡಿದು, ಮೇಲಿನಿಂದ ಕೆಳಕ್ಕೆ ಬೆರಳುಗಳನ್ನು ಒಂದೊಂದಾಗಿ ಬಿಗಿಮಾಡುತ್ತಾ ಕರೆಯುವುದೇ ಸರಿಯಾದ ರೀತಿ. ಹಸು ಸೊರೆ ಬಿಟ್ಟ ಮೇಲೆ ಐದರಿಂದ ಏಳು ನಿಮಿಷದಲ್ಲಿ ಕರೆದು ಮುಗಿಸಬೇಕು.

ಕರೆದ ಮೇಲೆ ಮೊಲೆಯ ತುದಿಯ ಬಾಯಿ ಅರ್ಧ ಗಂಟೆಗೂ ಹೆಚ್ಚು ಹೊತ್ತು ತೆರೆದೇ ಇರುತ್ತದೆ. ಆಗ ಹಸು ಒದ್ದೆ ನೆಲದಲ್ಲಿ ಮಲಗಿದರೆ ಸೂಕ್ಷ್ಮಾಣು ಒಳಗೆ ಹೋಗುವುದು ಸುಲಭ. ಆದುದರಿಂದ ವೈದ್ಯರು ಸೂಚಿಸಿದ ಅಯೋಡಿನ್ ದ್ರಾವಣದಲ್ಲಿ ಮೊಲೆಗಳನ್ನು ಅದ್ದಿರಿ. ಕರೆದ ಕೂಡಲೇ ಗೋದಲಿಗೆ ಹಸಿ ಮೇವು ಹಾಕಿರಿ. ಮೇಯುತ್ತಾ ನಿಂತ ಹಸು ಮಲಗುವುದಿಲ್ಲ. ಮೇವು ಹಾಕುವ ಹೊತ್ತನ್ನು ಬದಲಿಸಿದ್ದಷ್ಟೇ ನಿಮಗೆ ಬಂದ ಶ್ರಮ.

3. ಔಷಧಿ ಕೊಟ್ಟ ಹಸುವಿನ ಹಾಲು

ಇದು ಅತ್ಯಂತ ಕಷ್ಟದ ಅಭ್ಯಾಸ. ಏಕೆಂದರೆ ಇದರಲ್ಲಿ ಕೈಯಿಂದ ಹಣ ಹೋಗುತ್ತದೆ. ಆದರೂ ಮುಚ್ಚುಮರೆಯಿಲ್ಲದೆ ಹೇಳಬೇಕಾಗಿದೆ.

ಕೆಚ್ಚಲು ಬಾವಿಗೆ, ಜ್ವರಕ್ಕೆ ಕೊಡುವ ಆಂಟಿಬಯಾಟಿಕ್ ಔಷಧಿ ಕೆಲವು ದಿನ ಹಾಲಿನಲ್ಲಿ ಇಳಿಯುತ್ತದೆ. ಎಷ್ಟು ದಿನ ಎಂಬುದು ಔಷಧಿಯಿಂದ ಔಷಧಿಗೆ ಬೇರೆ. ಚಿಕಿತ್ಸೆ ಮಾಡಿದ ವೈದ್ಯರನ್ನು ಕೇಳಿ, ಚೀಟಿಯಲ್ಲಿ ಬರೆಸಿಕೊಳ್ಳಿರಿ. ಅಷ್ಟು ದಿನ ಆ ಹಾಲನ್ನು ಸಂಘಕ್ಕೂ ಹಾಕಬಾರದು, ಮನೆಯಲ್ಲೂ ಬಳಸಬಾರದು, ಕರುವಿಗೂ ಕುಡಿಸಬಾರದು. ಕುದಿಸಿದರೆ ಔಷಧಿ ಹೋಗುತ್ತದೆಂದು ನಂಬಬೇಡಿ. ಬಹುಪಾಲು ಹಾಗೆಯೇ ಉಳಿಯುತ್ತದೆ. ಅಂಥ ಹಾಲು ಹೆಪ್ಪಿನ ಸೂಕ್ಷ್ಮಾಣುಗಳನ್ನೂ ಕೊಲ್ಲುವುದರಿಂದ ಮೊಸರು ಸರಿಯಾಗಿ ಹೆಪ್ಪುಗಟ್ಟುವುದಿಲ್ಲ.

ದೊಡ್ಡ ಅಪಾಯ ಬೇರೆಯೇ ಇದೆ. ಅನಗತ್ಯವಾಗಿ ಸ್ವಲ್ಪ ಸ್ವಲ್ಪವೇ ಈ ಔಷಧಿ ಮೈ ಸೇರುತ್ತಿದ್ದರೆ ರೋಗಾಣುಗಳು ಅದಕ್ಕೆ ಒಗ್ಗಿಹೋಗುತ್ತವೆ. ನಾಳೆ ಮಗುವಿಗೆ ನಿಜವಾಗಿ ಕಾಯಿಲೆ ಬಂದಾಗ ಔಷಧಿ ನಾಟದೆ ಹೋಗಬಹುದು. ಉಳಿದ ಔಷಧಿಯನ್ನು ಪಕ್ಕದವರ ಹಸುವಿಗೆ ಕೊಡುವುದು, ತಾವೇ ಸೂಜಿ ಚುಚ್ಚುವುದು, ಹಸು ಚೇತರಿಸಿಕೊಂಡಿತೆಂದು ಚಿಕಿತ್ಸೆಯನ್ನು ಅರ್ಧಕ್ಕೆ ನಿಲ್ಲಿಸುವುದು ಇದೇ ಕಾರಣಕ್ಕೆ ತಪ್ಪು.

4. ಹಸು ಕಂದು ಹಾಕಿದಾಗ

ಗಬ್ಬದ ಹಸು ಐದು ತಿಂಗಳ ಮೇಲೆ ಕಂದು ಹಾಕಿದರೆ ಅದು ಕಂದು ರೋಗ, ಅಂದರೆ ಬ್ರುಸೆಲ್ಲೋಸಿಸ್ ಆಗಿರಬಹುದು. ಈ ರೋಗ ಹಸುವಿನಿಂದ ಮನುಷ್ಯರಿಗೆ ಬರುತ್ತದೆ. ಸತ್ತ ಕರುವನ್ನು, ಸತ್ತೆಯನ್ನು ಬರಿಗೈಯಲ್ಲಿ ಮುಟ್ಟುವುದರಿಂದ, ಹಸಿ ಹಾಲು ಕುಡಿಯುವುದರಿಂದ ತಗಲುತ್ತದೆ. ಬಿಟ್ಟು ಬಿಟ್ಟು ಬರುವ ಜ್ವರ, ಬೆವರು, ಕೀಲು ನೋವು, ಸೊಂಟ ನೋವು, ಸುಸ್ತು ತಿಂಗಳುಗಟ್ಟಲೆ ಕಾಡಬಹುದು. ಕೊಟ್ಟಿಗೆ ಕೆಲಸ ಹೆಚ್ಚಾಗಿ ಮಾಡುವವರು ಹೆಂಗಸರು. ಅವರ ಜ್ವರವನ್ನು "ಮಾಮೂಲಿ ಸುಸ್ತು" ಎಂದು ತಳ್ಳಿಹಾಕುವ ಅಭ್ಯಾಸವೂ ಬದಲಾಗಬೇಕು. ವೈದ್ಯರ ಬಳಿ ಹೋದಾಗ "ಮನೆಯಲ್ಲಿ ಹಸು ಕಂದು ಹಾಕಿತ್ತು" ಎಂದು ಮರೆಯದೆ ತಿಳಿಸಿರಿ.

ಕೈಗವಸು ಇಲ್ಲದೆ ಮುಟ್ಟಬೇಡಿ. ಸತ್ತ ಕರು, ಸತ್ತೆ, ಕೆಳಗಿದ್ದ ಹುಲ್ಲು ಎಲ್ಲವನ್ನೂ ಆಳದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳಿರಿ. ಹಳ್ಳಕ್ಕೆ ಎಸೆದರೆ, ನಾಯಿ ಎಳೆದುಕೊಂಡು ಹೋದರೆ ಇಡೀ ಊರಿಗೆ ರೋಗ ಹಂಚಿದಂತೆ. ಹೆಣ್ಣು ಕರುಗಳಿಗೆ 4ರಿಂದ 8 ತಿಂಗಳ ವಯಸ್ಸಿನಲ್ಲಿ ಒಮ್ಮೆ ಲಸಿಕೆ ಹಾಕಿಸಿರಿ. ಕಾಲುಬಾಯಿ ರೋಗ ಮತ್ತು ಕಂದು ರೋಗದ ನಿಯಂತ್ರಣಕ್ಕಾಗಿ 2019ರಲ್ಲಿ ರಾಷ್ಟ್ರೀಯ ಕಾರ್ಯಕ್ರಮ ಆರಂಭವಾಗಿದೆ. ಲಸಿಕೆ ಹಾಕುವವರು ಊರಿಗೆ ಬಂದ ದಿನ ಕರುವನ್ನು ಹೊಲಕ್ಕೆ ಅಟ್ಟಬೇಡಿ.

ಗೊತ್ತಿದ್ದೂ ಏಕೆ ಮಾಡುವುದಿಲ್ಲ?

ಮೇಲಿನ ಮಾತುಗಳಲ್ಲಿ ಅನೇಕವು ನಿಮಗೆ ಹೊಸದಲ್ಲ. ತರಬೇತಿಯಲ್ಲಿ ಕೇಳಿರುತ್ತೀರಿ, ಸಂಘದ ಗೋಡೆಯ ಮೇಲೆ ಓದಿರುತ್ತೀರಿ. ಆದರೂ ಬೆಳಗಿನ ಐದೂವರೆಗೆ ಕತ್ತಲಲ್ಲಿ, ಕರು ಕೂಗುತ್ತಿರುವಾಗ, ಮಗುವನ್ನು ಶಾಲೆಗೆ ಕಳಿಸುವ ಆತುರದಲ್ಲಿ, ಕೈ ತನಗೆ ರೂಢಿಯಾದದ್ದನ್ನೇ ಮಾಡುತ್ತದೆ. ಇದು ಸೋಮಾರಿತನವಲ್ಲ, ಅಜ್ಞಾನವೂ ಅಲ್ಲ. ದಿನಕ್ಕೆರಡು ಸಲ, ವರ್ಷಕ್ಕೆ ಏಳುನೂರಕ್ಕೂ ಹೆಚ್ಚು ಸಲ ಮಾಡುವ ಕೆಲಸವನ್ನು ನಾವು ಯೋಚಿಸಿ ಮಾಡುವುದಿಲ್ಲ. ಅಭ್ಯಾಸದಿಂದ ಮಾಡುತ್ತೇವೆ.

ಹುಟ್ಟುಗುಣ ಸುಟ್ಟರೂ ಹೋಗದು ಎಂಬ ಗಾದೆಯಿದೆ. ಆದರೆ ಅಭ್ಯಾಸ ಹುಟ್ಟುಗುಣವಲ್ಲ. ಅದು ಕಲಿತದ್ದು, ಕಲಿತದ್ದನ್ನು ಬದಲಿಸಬಹುದು. ನಮ್ಮ ಊರುಗಳೇ ಇದಕ್ಕೆ ಸಾಕ್ಷಿ. ಹಾಲು ಮಾರಬಾರದು ಎಂಬ ನಂಬಿಕೆ ಇದ್ದ ಮನೆಗಳು ಎಷ್ಟೋ ಇದ್ದವು. ವಿಶ್ವಬ್ಯಾಂಕಿನ ನೆರವಿನ ಹೈನು ಅಭಿವೃದ್ಧಿ ಯೋಜನೆಗಾಗಿ 1974ರಲ್ಲಿ ರಾಜ್ಯದಲ್ಲಿ ಡೇರಿ ಅಭಿವೃದ್ಧಿ ನಿಗಮ ಹುಟ್ಟಿತು. 1984ರಲ್ಲಿ ಅದು ಸಹಕಾರ ಮಹಾಮಂಡಳವಾಯಿತು. ಅಷ್ಟರಲ್ಲಿ ಹಳ್ಳಿಯ ಜನ ಹಾಲನ್ನು ಪರೀಕ್ಷೆಗೆ ಒಡ್ಡುವುದನ್ನು, ಜಾತಿ ಅಂತಸ್ತು ನೋಡದೆ ಒಂದೇ ಸಾಲಿನಲ್ಲಿ ನಿಲ್ಲುವುದನ್ನು, ಕೃತಕ ಗರ್ಭಧಾರಣೆ ಮಾಡಿಸುವುದನ್ನು ಕಲಿತರು. ಅಂದು ಅವೂ ಕಷ್ಟವೇ ಆಗಿದ್ದವು.

ಅಭ್ಯಾಸ ಮೂಡಿಸಿಕೊಳ್ಳುವ ಐದು ಉಪಾಯಗಳು

(ಅ) ಒಂದು ಸಲಕ್ಕೆ ಒಂದೇ ಅಭ್ಯಾಸ. ನಾಲ್ಕನ್ನೂ ನಾಳೆಯೇ ಶುರು ಮಾಡಿದರೆ ನಾಲ್ಕೂ ನಿಲ್ಲುತ್ತವೆ. ಮೊದಲು ಕೈ ಮತ್ತು ಕೆಚ್ಚಲು. ಅದು ರೂಢಿಯಾದ ಮೇಲೆ ಮೊದಲ ಧಾರೆ.

(ಆ) ಸಾಮಾನು ಕೈಗೆಟುಕುವ ಕಡೆ ಇಡಿ. ಸೋಪು ಬಚ್ಚಲಲ್ಲಿದ್ದರೆ ಕೊಟ್ಟಿಗೆಯಲ್ಲಿ ಕೈ ತೊಳೆಯುವುದಿಲ್ಲ. ಕರೆಯುವ ಜಾಗದ ಕಂಬಕ್ಕೆ ಒಂದು ಬಕೆಟ್ಟು, ಬಲೆ ಚೀಲದಲ್ಲಿ ಸೋಪು, ಮೊಳೆಗೆ ಒಗೆದ ಬಟ್ಟೆ ತೂಗುಹಾಕಿರಿ. ಕಣ್ಣಿಗೆ ಬಿದ್ದದ್ದು ಕೈಗೆ ಬರುತ್ತದೆ.

(ಇ) ಹಳೆಯ ಕೆಲಸಕ್ಕೆ ಹೊಸದನ್ನು ಗಂಟು ಹಾಕಿ. "ಇನ್ನು ಮೇಲೆ ಶುಚಿಯಾಗಿರುತ್ತೇನೆ" ಎಂಬ ಸಂಕಲ್ಪ ಉಳಿಯುವುದಿಲ್ಲ. "ಕರುವನ್ನು ಬಿಡಿಸಿ ಕಟ್ಟಿದ ಕೂಡಲೇ ಕೈ ತೊಳೆಯುತ್ತೇನೆ" ಎಂಬುದು ಉಳಿಯುತ್ತದೆ. ಕರು ಕಟ್ಟುವುದನ್ನು ನೀವು ಎಂದೂ ಮರೆಯುವುದಿಲ್ಲ. ಅದೇ ನಿಮಗೆ ನೆನಪಿನ ಗಂಟೆ.

(ಈ) ಒಂದು ದಿನ ತಪ್ಪಿದರೆ ಬಿಡಬೇಡಿ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು 2010ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಹೊಸ ಅಭ್ಯಾಸ ತಾನಾಗಿ ಆಗುವಂತಾಗಲು ಸರಾಸರಿ 66 ದಿನ ಬೇಕಾಯಿತು. ಕೆಲವರಿಗೆ 18 ದಿನ ಸಾಕಾಯಿತು, ಕೆಲವರಿಗೆ ಇನ್ನೂ ಬಹಳ ದಿನ ಹಿಡಿಯುವಂತೆ ಕಂಡಿತು. ನಡುವೆ ಒಂದು ದಿನ ತಪ್ಪಿದ್ದರಿಂದ ಹೆಚ್ಚು ನಷ್ಟವಾಗಲಿಲ್ಲ. ಹದಿನೈದು ದಿನದ ಬಟವಾಡೆಯ ಲೆಕ್ಕದಲ್ಲಿ 66 ದಿನ ಎಂದರೆ ಸುಮಾರು ನಾಲ್ಕೂವರೆ ಬಟವಾಡೆ. ಅಷ್ಟು ಕಾಲ ತಾಳ್ಮೆಯಿಂದ ಮಾಡಿರಿ. ಆಮೇಲೆ ಕೈಯೇ ಸೋಪು ಹುಡುಕುತ್ತದೆ.

(ಉ) ಮನೆಯಲ್ಲಿ ಒಬ್ಬರ ಮೇಲೆ ಹೇರಬೇಡಿ. ತರಬೇತಿಗೆ ಯಜಮಾನರು ಬಂದು, ಹಾಲು ಕರೆಯುವವರು ಯಜಮಾನಿಯಾದರೆ ತರಬೇತಿ ವ್ಯರ್ಥ. ಕರೆಯುವವರೇ ತರಬೇತಿಗೆ ಬರಲಿ. ನೀರು ತುಂಬಿಡುವುದು, ಬಟ್ಟೆ ಒಗೆಯುವುದು ಉಳಿದವರ ಪಾಲಿಗಿರಲಿ.

ಸಂಘ ಮಾಡಬೇಕಾದ್ದೇನು?

ಒಬ್ಬರೇ ಬದಲಾಗುವುದು ಕಷ್ಟ. ಹತ್ತು ಮನೆ ಒಟ್ಟಿಗೆ ಬದಲಾದರೆ ಹನ್ನೊಂದನೆಯದು ತಾನಾಗಿ ಬರುತ್ತದೆ. ಆಡಳಿತ ಮಂಡಳಿಯವರು ಮತ್ತು ಕಾರ್ಯದರ್ಶಿಗಳು ಈ ಕೆಳಗಿನವುಗಳನ್ನು ಪರಿಶೀಲಿಸಬೇಕೆಂದು ಕೋರುತ್ತೇವೆ.

ಮೊದಲು ಸಂಘದ ಮನೆ ಶುಚಿಯಾಗಿರಲಿ. ಕ್ಯಾನು, ಅಳತೆಯ ಪಾತ್ರೆ, ಸೋಸುವ ಬಟ್ಟೆ ಕೊಳೆಯಾಗಿದ್ದರೆ ಸದಸ್ಯರಿಗೆ ಬುದ್ಧಿ ಹೇಳುವ ಹಕ್ಕು ನಮಗಿಲ್ಲ. ಹಾಲು ಸ್ವೀಕರಿಸುವ ಕಟ್ಟೆಯ ಪಕ್ಕದಲ್ಲೇ ಕೈ ತೊಳೆಯಲು ನೀರು, ಸೋಪು ಇಡಿ.

ಔಷಧಿ ಕೊಟ್ಟ ಹಸುವಿನ ಹಾಲನ್ನು ತಡೆಹಿಡಿದವರನ್ನು ಅನುಮಾನಿಸಬೇಡಿ. ಹಾಲು ಹಾಕದಿದ್ದರೆ "ಖಾಸಗಿಯವರಿಗೆ ಹಾಕುತ್ತಿದ್ದಾರೆ" ಎಂಬ ಮಾತು ಬರುತ್ತದೆ, ಬೈಲಾ ಪ್ರಕಾರ ಹಾಲು ಹಾಕಬೇಕಾದ ದಿನಗಳ ಲೆಕ್ಕ ತಪ್ಪುತ್ತದೆ ಎಂಬ ಭಯದಿಂದಲೇ ಕೆಲವರು ಹೇಳದೆ ಹಾಕಿಬಿಡುತ್ತಾರೆ. ವೈದ್ಯರ ಚೀಟಿ ತೋರಿಸಿದವರ ಹೆಸರನ್ನು ಒಂದು ಪುಸ್ತಕದಲ್ಲಿ ಬರೆದುಕೊಂಡು, ಸದಸ್ಯರಿಗೆ ಧೈರ್ಯ ಹೇಳಿರಿ. ಈ ದಿನಗಳನ್ನು ಹೇಗೆ ಪರಿಗಣಿಸಬೇಕೆಂದು ಮಂಡಳಿಯ ಸಭೆಯಲ್ಲಿ ಚರ್ಚಿಸಿ ನಿರ್ಣಯ ಮಾಡಿರಿ. ಪ್ರಾಮಾಣಿಕರಿಗೆ ದಂಡ ಬೀಳುವ ಕಡೆ ಪ್ರಾಮಾಣಿಕತೆ ಬೆಳೆಯುವುದಿಲ್ಲ.

ತಪ್ಪು ಕಂಡಾಗ ಸಾಲಿನಲ್ಲಿ ನಿಂತವರ ಮುಂದೆ ಹೆಸರು ಹಿಡಿದು ಬೈಯಬೇಡಿ. ವಿಯೆನ್ನಾದ ಕಥೆ ನೆನಪಿರಲಿ. ಪಕ್ಕಕ್ಕೆ ಕರೆದು ಹೇಳಿರಿ, ಸಾಧ್ಯವಾದರೆ ಅವರ ಕೊಟ್ಟಿಗೆಗೇ ಹೋಗಿ ಒಂದು ಹೊತ್ತು ಜೊತೆಗಿದ್ದು ತೋರಿಸಿರಿ. ಒಳ್ಳೆಯದನ್ನು ಮಾತ್ರ ನಾಲ್ಕು ಜನರ ಮುಂದೆ ಹೇಳಿರಿ.

ಸದಸ್ಯರು ಕೇಳುವ ಕೆಲವು ಪ್ರಶ್ನೆಗಳು

ಪ್ರಶ್ನೆ: ನಾನು ಶುಚಿಯಾಗಿ ಕರೆದರೂ ಬೇರೆಯವರು ಹಾಗೇ ಹಾಕುತ್ತಾರೆ. ನನಗೇನು ಲಾಭ?
ಉತ್ತರ: ನಿಮ್ಮ ಹಸುವಿಗೆ ಕೆಚ್ಚಲು ಬಾವು ಬರುವುದು ಕಡಿಮೆಯಾಗುತ್ತದೆ. ಬಾವು ಬಂದ ಮೊಲೆ ಬತ್ತಿದರೆ ಆ ನಷ್ಟ ಆ ಸೂಲಿಗಷ್ಟೇ ಮುಗಿಯದಿರಬಹುದು. ನಿಮ್ಮ ಮನೆಯ ಹಾಲು, ನಿಮ್ಮ ಮಕ್ಕಳ ಆರೋಗ್ಯ ನಿಮ್ಮ ಕೈಯಲ್ಲೇ ಇವೆ. ಈ ಲಾಭಕ್ಕೆ ಬೇರೆಯವರಿಗಾಗಿ ಕಾಯಬೇಕಾಗಿಲ್ಲ.

ಪ್ರಶ್ನೆ: ಹಾಲು ಕಣ್ಣಿಗೆ ಚೆನ್ನಾಗಿದೆ, ಡಿಗ್ರಿಯೂ ಬರುತ್ತದೆ. ಆದರೂ ಬಾವು ಇರಬಹುದೇ?
ಉತ್ತರ: ಇರಬಹುದು. ಹೊರಗೆ ಕಾಣದ ಸುಪ್ತ ಬಾವಿನಲ್ಲಿ ಹಾಲಿನ ಬಣ್ಣ ಬದಲಾಗುವುದಿಲ್ಲ, ಇಳುವರಿ ಮಾತ್ರ ನಿಧಾನವಾಗಿ ಇಳಿಯುತ್ತದೆ. ಪಶುವೈದ್ಯರಿಂದ ಸಿ.ಎಂ.ಟಿ. ಪರೀಕ್ಷೆ ಮಾಡಿಸಿರಿ.

ಪ್ರಶ್ನೆ: ನಮ್ಮ ಹಿರಿಯರು ಹಸಿ ಹಾಲನ್ನೇ ಕುಡಿದು ಗಟ್ಟಿಯಾಗಿದ್ದರಲ್ಲ?
ಉತ್ತರ: ಗಟ್ಟಿಯಾಗಿ ಉಳಿದವರನ್ನು ನಾವು ಕಂಡಿದ್ದೇವೆ. ಉಳಿಯದವರ ಲೆಕ್ಕ ಯಾರೂ ಇಟ್ಟಿಲ್ಲ. ಹಾಲನ್ನು ಕಾಯಿಸಿಯೇ ಕುಡಿಯಿರಿ.

ಬಂಧುಗಳೇ, ಇಷ್ಟನ್ನು ಓದಿ ಮುಗಿಸಿದ ಮೇಲೆ ಪತ್ರಿಕೆಯನ್ನು ಮಡಚಿಡುವ ಮುನ್ನ ಒಂದು ಕೆಲಸ ಮಾಡಿರಿ. ಕೊಟ್ಟಿಗೆಗೆ ಹೋಗಿ ನೀವು ಕರೆಯುವ ಜಾಗದಲ್ಲಿ ಕುಳಿತುಕೊಳ್ಳಿ. ಅಲ್ಲಿಂದ ಕೈ ಚಾಚಿದರೆ ಸೋಪು ಸಿಗುತ್ತದೆಯೇ ನೋಡಿರಿ. ಸಿಗದಿದ್ದರೆ ಸಂಜೆ ಕರೆಯುವಷ್ಟರಲ್ಲಿ ಒಂದು ಮೊಳೆ ಹೊಡೆದು ತೂಗುಹಾಕಿರಿ. ಇವತ್ತಿಗೆ ಅಷ್ಟು ಸಾಕು. ನಿಮ್ಮ ಮನೆಯ ಮೊಳೆ ನೋಡಿ ಪಕ್ಕದ ಮನೆಯವರು ಕೇಳಿದರೆ ಕಾರಣ ಹೇಳಿರಿ.

ನಾಳೆ ಬೆಳಿಗ್ಗೆ ನಿಮ್ಮ ಹಾಲು ಎಲ್ಲರ ಹಾಲಿನೊಂದಿಗೆ ಬೆರೆಯುವಾಗ ಅದರ ಮೇಲೆ ನಿಮ್ಮ ಹೆಸರಿರುವುದಿಲ್ಲ. ಹೆಸರಿಲ್ಲದ ಕಡೆಯೂ ಶುಚಿಯಾಗಿರುವುದೇ ಸಹಕಾರ. ಸದಸ್ಯರೆಲ್ಲರೂ ಈ ಬಗ್ಗೆ ಗಮನಹರಿಸಿ, ತಂತಮ್ಮ ಮನೆಯವರೊಡನೆ ಚರ್ಚಿಸಿ, ಮುಂದಿನ ಬಟವಾಡೆಯೊಳಗೆ ಒಂದು ಅಭ್ಯಾಸವನ್ನಾದರೂ ಆರಂಭಿಸಬೇಕೆಂದು ವಿನಂತಿಸುತ್ತೇವೆ.